ಹಿಂದಿನ ಎಡಗಾಲಿನ ಧಣಿ

ಅಭಿಮಾನ ಪಡುವುದಕ್ಕೆ ಲೋಕದಲ್ಲಿ ಏನೆಲ್ಲ ಇದೆ. ಒಬ್ಬನಿಗೆ ತನ್ನ ಮೀಸೆ, ಒಬ್ಬನಿಗೆ ತನ್ನ ಕಂಠ, ಇನ್ನೊಬ್ಬನಿಗೆ ತನ್ನ ಅಳಿಯ. ನಮ್ಮ ಧಣಿಗೆ ಇದ್ದದ್ದು ಒಂದು ಕಾಲು. ಅದೂ ತನ್ನದಲ್ಲ. ತನ್ನವೆರಡೂ ಸಾಧಾರಣ ಕಾಲುಗಳು, ಒಂದರ ಅಂಗಾಲಿನಲ್ಲಿ ಆಣಿ ಬೇರೆ. ಅವನ ಅಭಿಮಾನವೆಲ್ಲ ಮಿಂಚುಳ್ಳಿ ಎಂಬ ಓಟದ ಕುದುರೆಯ ಹಿಂದಿನ ಎಡಗಾಲಿನ ಮೇಲೆ.

ಧಣಿ ಎನ್ನುವುದು ತಂದೆ ತಾಯಿ ಇಟ್ಟ ಹೆಸರಲ್ಲ, ಬೀದಿ ಕೊಟ್ಟ ಬಿರುದು. ಹೊಟ್ಟೆಪಾಡಿಗೆ ಅವನು ಬೂಟು ಚಪ್ಪಲಿ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡುತ್ತಿದ್ದ. ಮೀಸೆ ಚಿಗುರಿದಾಗ ಹಿಡಿದ ಮೋಟು ಸ್ಟೂಲನ್ನು ಮೀಸೆ ನರೆತರೂ ಬಿಟ್ಟಿರಲಿಲ್ಲ. ಬಂದವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೂಟು ತೊಡಿಸಿ, ಲೇಸು ಬಿಗಿದು, "ನಾಲ್ಕು ಹೆಜ್ಜೆ ನಡೆದು ನೋಡಿ ಸಾರ್" ಎಂದು ತಲೆ ಎತ್ತುವಷ್ಟರಲ್ಲಿ ಆ ಪಾದ ನಡೆದು ಹೋಗಿ ಇನ್ನೊಂದು ಬಂದು ಕೂತಿರುತ್ತಿತ್ತು. ಊರಿನ ಕಾಲನ್ನೆಲ್ಲ ಹಿಡಿದು ಬದುಕಿದ ಇಂಥವನಿಗೆ, ತನ್ನದು ಎಂದು ಹೇಳಿಕೊಳ್ಳಲು ಒಂದು ಕಾಲು ಸಿಕ್ಕರೆ ತಲೆ ನಿಲ್ಲುತ್ತದೆಯೇ?

ಅದು ಸಿಕ್ಕಿದ್ದು ಹೀಗೆ. ಒಂದು ದಿನ ಹಲ್ಲಿನ ಡಾಕ್ಟರು ಬೂಟು ಕೊಳ್ಳಲು ಬಂದರು. ಪಾದವನ್ನು ಧಣಿಯ ತೊಡೆಗೆ ಒಪ್ಪಿಸಿ, "ನಾವು ಇಪ್ಪತ್ತು ಜನ ಸೇರಿ ಸಿಂಡಿಕೇಟ್ ಮಾಡ್ಕೊಂಡು ಒಂದು ರೇಸ್ ಕುದುರೆ ತಗೊಳ್ತಿದ್ದೀವಿ. ಹತ್ತೊಂಬತ್ತು ಜನ ಆದ್ರು. ಒಂದು ಪಾಲು ನಿಮ್ಮಂಥವರಿಗೇ ಅಂತ ಇಟ್ಟಿದ್ದೀನಿ" ಎಂದರು. ಜೀವಮಾನವೆಲ್ಲ "ಇದು ನಿಮ್ಮ ಕಾಲಿಗೇ ಹೊಲಿದ ಹಾಗಿದೆ" ಎಂದು ಮಂದಿಯನ್ನು ಕೆಡವಿದ್ದ ಧಣಿ ಅದೇ ಬಾಣಕ್ಕೆ ತಾನೇ ಬಿದ್ದ.

ಮನೆಯಲ್ಲಿ ಹೆಂಡತಿ ಕೇಳಿದಳು. "ಇಪ್ಪತ್ತರಲ್ಲಿ ಒಂದು ಪಾಲು ಅಂದ್ರೆ ಕುದುರೇಲಿ ಯಾವ ಭಾಗ ರೀ ನಮ್ಮದು? ಮುಂದಿನದಾ, ಹಿಂದಿನದಾ? ಲದ್ದೀಲೂ ಪಾಲು ಕೊಡ್ತಾರಾ?"

ಅವಳು ಕೇಳಿದ್ದು ಕೊಂಕಿಗೆ. ಧಣಿಯ ತಲೆಯಲ್ಲಿ ಮಾತ್ರ ಆ ಪ್ರಶ್ನೆ ಬೂಟಿನೊಳಗಿನ ಕಲ್ಲಿನಂತೆ ಉಳಿಯಿತು. ನಿಜವಾಗಿಯೂ, ಯಾವ ಭಾಗ?

ಉತ್ತರ ಲಾಯದ ಅಂಗಳದಲ್ಲಿ ಕಾದಿತ್ತು. ಕುದುರೆ ಬಂದ ದಿನ ಇಪ್ಪತ್ತೂ ಮಾಲೀಕರು ಅದರ ಜೊತೆ ಫೋಟೋ ತೆಗೆಸಿಕೊಳ್ಳಬೇಕಿತ್ತು. ಇಪ್ಪತ್ತು ಜನಕ್ಕೂ ಲಗಾಮು ಹಿಡಿದು ನಿಲ್ಲುವ ಆಸೆ. ನೂಕುನುಗ್ಗಲು ಶುರುವಾಯಿತು. ಪಾಲುದಾರರಲ್ಲಿ ಒಬ್ಬರು ನಿವೃತ್ತ ಹೆಡ್ ಮೇಡಂ. ಯಾವ ಬೆಂಚಿನಲ್ಲಿ ಯಾರು ಎಂಬ ಜಗಳವನ್ನು ಚೀಟಿ ಎತ್ತಿಸಿಯೇ ಬಗೆಹರಿಸಿ ಪಳಗಿದ ಕೈ ಅವರದು. ಕುದುರೆಯ ಅಂಗಾಂಗಗಳನ್ನು ಇಪ್ಪತ್ತು ಚೀಟಿಗಳಲ್ಲಿ ಬರೆದು, ಟೋಪಿಯೊಳಗೆ ಹಾಕಿ, "ಯಾರಿಗೆ ಯಾವುದು ಬರುತ್ತೋ ಅದರ ಪಕ್ಕ ನಿಂತ್ಕೊಳ್ಳಿ. ಗಲಾಟೆ ಬೇಡ" ಎಂದರು. ಮೇಡಂ ಎತ್ತಿದ ಚೀಟಿಯಲ್ಲಿ ಮುಖ ಇತ್ತು. ಬೇಕರಿಯವನಿಗೆ ಹೊಟ್ಟೆ ಬಂತು. ಹಲ್ಲಿನ ಡಾಕ್ಟರಿಗೆ ಹಲ್ಲು ಬರಬೇಕಿತ್ತು ಎಂದು ಎಲ್ಲರೂ ಆಶಿಸಿದರು. ದೈವಚಿತ್ತ ಬೇರೆಯಿತ್ತು, ಬಂದದ್ದು ಬಾಲ.

ಅಂಗಡಿಗೆ ಬೀಗ ಹಾಕಿ ಓಡೋಡಿ ಬಂದ ಧಣಿಗೆ ಈ ಪೀಠಿಕೆ ಯಾವುದೂ ಗೊತ್ತಿಲ್ಲ. ಟೋಪಿ ಮುಂದೆ ಬಂತು, ಕೈ ಹಾಕಿದ, ಉಳಿದಿದ್ದ ಒಂದೇ ಚೀಟಿ ಎತ್ತಿ ಓದಿದ. ಹಿಂದಿನ ಎಡಗಾಲು. ಚೀಟಿಯನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿನಲ್ಲಿಟ್ಟ. ಮಿಕ್ಕವರ ಚೀಟಿಗಳು ಲಾಯದ ಹುಲ್ಲಿನಲ್ಲಿ ಬಿದ್ದು ಕುದುರೆಯ ಬಾಯಿಗೆ ಹೋದವು.

ಇದು ನಿಂತುಕೊಳ್ಳುವ ಜಾಗವೇ ಹೊರತು ಆಸ್ತಿಪತ್ರವಲ್ಲ ಎಂದು ಯಾರಾದರೂ ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮೊದಮೊದಲು ನಗುವುದಕ್ಕೆ ಚೆನ್ನಾಗಿತ್ತೆಂದು ಸುಮ್ಮನಿದ್ದರು. ಆಮೇಲೆ ಅವನ ಮಾತು ಅವರ ಬಾಯಲ್ಲೂ ಹೊರಳತೊಡಗಿತು. ವರ್ಷ ಕಳೆಯುವಷ್ಟರಲ್ಲಿ ಬೇಕರಿಯವನೂ "ನನ್ನ ಹೊಟ್ಟೆಗೆ ಹುರುಳಿ ಸಾಲ್ತಿಲ್ಲ" ಎಂದು ಲಾಯದವನನ್ನು ದಬಾಯಿಸುತ್ತಿದ್ದ.

ಧಣಿಯಂತೂ ಕಾಲಿಗೆ ಕೈಮುಗಿದವನೇ. ಮಿಂಚುಳ್ಳಿಯ ಮೈ ಕಡುಕಂದು, ಆ ಒಂದು ಕಾಲಿಗೆ ಮಾತ್ರ ಗೊರಸಿನ ಮೇಲೆ ಬಿಳಿ ಪಟ್ಟಿ, ಕಾಲುಚೀಲ ಹಾಕಿದಂತೆ. "ನಾಲ್ಕರಲ್ಲಿ ಒಂದಕ್ಕೇ ದೇವರು ಸಾಕ್ಸ್ ಕೊಟ್ಟಿದ್ದಾನೆ. ಅದು ಚಪ್ಪಲಿ ಅಂಗಡಿಯವನಿಗೇ ಬಂತು. ಕಾಕತಾಳೀಯ ಅಂತೀರಾ?" ಎಂದು ಗಿರಾಕಿಗಳನ್ನು ಕೇಳುತ್ತಿದ್ದ. ರಜಾ ದಿನ ಲಾಯಕ್ಕೆ ಹೋಗಿ ಕಾಲನ್ನು ತಿಕ್ಕುತ್ತಿದ್ದ. ಕ್ಯಾರೆಟ್ ತಿನ್ನಿಸಬೇಕೆನಿಸಿದರೆ ಮುಂಚಿತವಾಗಿ ಹೆಡ್ ಮೇಡಂಗೆ ಫೋನ್ ಮಾಡಿ, "ನಿಮ್ಮ ಬಾಯಿಗೆ ಒಂದು ಕ್ಯಾರೆಟ್ ಕೊಡಬಹುದಾ ಮೇಡಂ?" ಎಂದು ಅಪ್ಪಣೆ ಕೇಳುತ್ತಿದ್ದ. ಮೊದಲ ಸಲ ಮೇಡಂ ಫೋನ್ ಇಟ್ಟುಬಿಟ್ಟರು. ಎರಡನೆಯ ಸಲದಿಂದ, "ತೊಳೆದು ಕೊಡಿ" ಎನ್ನತೊಡಗಿದರು.

ಮಿಂಚುಳ್ಳಿ ಒಂದೇ ಒಂದು ಸಲ ಎರಡನೆಯ ಸ್ಥಾನಕ್ಕೆ ಬಂದಳು. ಅಂದು ಧಣಿ ಬೀದಿಯ ಪ್ರತಿ ಬಾಗಿಲಲ್ಲೂ ನಿಂತು ವಿವರಿಸಿದ. "ಮುಂಗಾಲು ಮುಂದೆ ಹೋಗೋದನ್ನ ಎಲ್ಲರೂ ನೋಡ್ತಾರೆ. ಹಿಂದಿನದು ತಳ್ಳದೆ ಮುಂದಿನದು ಹೋಗುತ್ತಾ?" ಉಳಿದ ಓಟಗಳಲ್ಲಿ ಅವಳು ಹಿಂದೆ ಉಳಿದಳು. ಆಗೆಲ್ಲ ಧಣಿ, "ಮುಂಗಾಲಿನವರು ಸ್ವಲ್ಪ ಮನಸ್ಸು ಮಾಡಬೇಕಿತ್ತು" ಎಂದು ಮೆಲ್ಲಗೆ ಹೇಳುತ್ತಿದ್ದ.

ಹೀಗಿರಲಾಗಿ, ಒಂದು ಸಂಜೆ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಸಭೆ ಕರೆದರು. ಕೆನ್ನೆ ಊದಿದ ರೋಗಿಯೊಬ್ಬ ಮೂಲೆಯ ಕುರ್ಚಿಯಲ್ಲಿ ಹತ್ತಿ ಕಚ್ಚಿಕೊಂಡು ಕೂತಿದ್ದ. ಅವನನ್ನೂ ಸೇರಿಸಿಕೊಂಡೇ ಸಭೆ ನಡೆಯಿತು.

"ನಮ್ಮ ಮಿಂಚುಳ್ಳಿ ಇನ್ನು ಓಡೋದಿಲ್ಲ" ಎಂದರು ಡಾಕ್ಟರು. "ಊರಾಚೆ ಸ್ಟಡ್ ಫಾರ್ಮಿಗೆ ಕಳಿಸ್ತೀವಿ. ಹಸಿರು ಮೈದಾನ, ಒಳ್ಳೇ ಮೇವು, ಹೆಸರಾದ ಗಂಡು ಕುದುರೆ. ಇನ್ನು ಮೇಲೆ ಅವಳು ತಾಯಿಕುದುರೆ. ಮರಿ ಹಾಕ್ಕೊಂಡು ಹಾಯಾಗಿರ್ತಾಳೆ. ಪಾಲು ಹಾಗೇ ಇರುತ್ತೆ. ನಾಳೆ ಮರಿ ಓಡಿದ್ರೆ ನಾವೇ ಮಾಲೀಕರು."

ಎಲ್ಲರೂ ಬೇಕರಿಯವನ ಕೈ ಕುಲುಕಿದರು. ಇಷ್ಟು ವರ್ಷ ಲೆಕ್ಕಕ್ಕಿಲ್ಲದ ಹೊಟ್ಟೆಗೆ ಈಗ ಭಾಗ್ಯ ತೆರೆದಿತ್ತು. ಅವನು ಕುದುರೆಯದೂ ತನ್ನದೂ ಒಂದೇ ಎಂಬಂತೆ ತನ್ನ ಹೊಟ್ಟೆಯನ್ನು ಸವರಿಕೊಂಡು, "ನಂದೇನಿದೆ ಇದರಲ್ಲಿ, ಎಲ್ಲಾ ದೇವರ ಕೃಪೆ" ಎಂದ.

ಧಣಿಯೂ ಸಂತೋಷಪಟ್ಟ. ಅಲ್ಲಿಗೇ ನಿಂತಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು. ಆದರೆ ಡಾಕ್ಟರಿಗೆ ಒಂದು ಮರ್ಯಾದಸ್ಥ ಕಾರಣ ಬೇಕಿತ್ತು. ಅವಳಿಗೆ ವಯಸ್ಸಾಯಿತು, ಓಡಲಾರಳು ಎಂದರೆ ಕೊಂಡವರಿಗೆಲ್ಲ ಅವಮಾನ. ಹಿಂದಿನ ಓಟದಲ್ಲಿ ಒಂದು ಕಾಲು ತುಸು ಊದಿದ್ದು ಅವರ ನೆನಪಿಗೆ ಬಂತು.

"ಕಾರಣ ಏನು ಅಂತ ರೇಸ್ ಕ್ಲಬ್ಬಿನವರು ಕೇಳ್ತಾರೆ. ಹಿಂದಿನ ಎಡಗಾಲು ಸರಿ ಇಲ್ಲ ಅಂತ ಹೇಳಿಬಿಡೋಣ."

ಹದಿನೆಂಟು ತಲೆಗಳು ಧಣಿಯ ಕಡೆ ತಿರುಗಿದವು. ರೋಗಿಯದೂ ತಿರುಗಿತು.

ಧಣಿ ಎದ್ದು ನಿಂತ. "ಯಾವ ಕಾಲು?"

"ನಿಮ್ಮದೇ" ಎಂದ ಬೇಕರಿಯವನು. "ಹೋಗಲಿ ಬಿಡಿ, ನಾವೇನೂ ಮನಸ್ಸಲ್ಲಿಟ್ಕೊಳ್ಳಲ್ಲ. ನಮ್ಮ ನಮ್ಮ ಭಾಗ ನಾವು ಚೆನ್ನಾಗಿ ನೋಡ್ಕೊಂಡ್ವಿ. ಒಬ್ಬರದು ಕೈ ಕೊಡ್ತು. ಆಗುತ್ತೆ."

"ಕೈ ಕೊಟ್ಟಿದ್ದು ನನ್ನ ಕಾಲಾ?" ಧಣಿಯ ದನಿ ಕ್ಲಿನಿಕ್ಕಿನ ಗಾಜಿನ ಬೀರು ನಡುಗುವಂತೆ ಏರಿತು. "ಆ ಕುದುರೇಲಿ ದುಡಿದ ಭಾಗ ಅಂತ ಇದ್ದಿದ್ದೇ ಅದೊಂದು. ನಿಮ್ಮ ಹೊಟ್ಟೆ ಏನು ಮಾಡ್ತು? ನನ್ನ ಕಾಲಿನ ಮೇಲೆ ಕೂತು ಸವಾರಿ ಮಾಡ್ತು. ಡಾಕ್ಟ್ರ ಬಾಲ ಏನು ಮಾಡ್ತು? ನೊಣ ಹೊಡೀತು."

"ಬಾಲಕ್ಕೆ ಬರಬೇಡಿ ಧಣಿಗಳೇ" ಎಂದರು ಡಾಕ್ಟರು ಗಂಭೀರವಾಗಿ.

"ಬರ್ತೀನಿ. ನನ್ನ ಕಾಲಿಗೆ ಕಳಂಕ ಹಚ್ಚಿದೋರು ಯಾರೇ ಆಗಲಿ, ಅವರ ಬಾಲದವರೆಗೂ ಬರ್ತೀನಿ."

ಹೆಡ್ ಮೇಡಂ ಮೇಜು ತಟ್ಟಿದರು. "ಎಲ್ಲರೂ ಒಟ್ಟಿಗೆ ಕೂಗಬೇಡಿ. ಒಬ್ಬೊಬ್ಬರಾಗಿ ಕೂಗಿ."

ಮೂಲೆಯ ರೋಗಿ ನೋವಿಗೆ ತಲೆಯಾಡಿಸಿದ. ಅದು ತಮ್ಮ ಪರ ಎಂದು ಎರಡೂ ಕಡೆಯವರು ಭಾವಿಸಿ ಬಲಗೊಂಡರು. ಕೊನೆಗೆ ಧಣಿ ಶಪಥ ಮಾಡಿದ. ಬೀಳ್ಕೊಡುವ ದಿನ ಕ್ಲಬ್ಬಿನ ಅಧಿಕಾರಿಯ ಎದುರಿಗೇ ಕುದುರೆ ಡಾಕ್ಟರು ಕಾಲನ್ನು ಪರೀಕ್ಷೆ ಮಾಡಬೇಕು, ಅದು ನಿಷ್ಕಳಂಕ ಎಂದು ಬಾಯಿಬಿಟ್ಟು ಹೇಳಬೇಕು, ಹಲ್ಲಿನ ಡಾಕ್ಟರೂ ಬೇಕರಿಯವನೂ ಕಾಲಿನ ಕ್ಷಮೆ ಕೇಳಬೇಕು. ಅಲ್ಲಿಯವರೆಗೆ ತಾನು ಯಾರ ಮುಖವನ್ನೂ ನೋಡುವುದಿಲ್ಲ. ಮುಖ ನೋಡದೆ ಇರುವುದು ಅವನ ವೃತ್ತಿಗೆ ಕಷ್ಟವೇನೂ ಆಗಿರಲಿಲ್ಲ.

ಧಣಿ ಮನೆ ಸೇರುವ ಮುಂಚೆಯೇ ಸುದ್ದಿ ಸೇರಿತ್ತು. ಸುದ್ದಿಗೆ ಕುದುರೆಗಿಂತ ಹೆಚ್ಚು ಕಾಲು. ದಾರಿಯಲ್ಲಿ ಕುದುರೆ ಉದುರಿಹೋಗಿ, 'ಧಣಿಯ ಎಡಗಾಲು ಹೋಯಿತಂತೆ' ಎಂಬಷ್ಟೇ ಉಳಿದಿತ್ತು. ಮಹಡಿಯ ಮನೆಯ ಅಜ್ಜಿ ತೀರಿಹೋದ ಗಂಡನ ಊರುಗೋಲು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

"ಇಟ್ಕೊಳಪ್ಪ. ಅವರಿಗೆ ಇನ್ನು ಬೇಕಾಗಲ್ಲ. ಎರಡು ಕಾಲಲ್ಲಿ ಒಂದು ಉಳೀತಲ್ಲ, ಅಷ್ಟೇ ಪುಣ್ಯ."

"ಅಜ್ಜಿ, ಹೋಗಿದ್ದು ನನ್ನ ಕಾಲಲ್ಲ, ನನ್ನ ಕಾಲು" ಎಂದ ಧಣಿ ರೋಷದಿಂದ.

ಅಜ್ಜಿ ಅವನ ಹೆಂಡತಿಯ ಕಡೆ ತಿರುಗಿ, "ತಲೆಗೂ ಏರಿದೆ ಪಾಪ" ಎಂದು ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದರು. ಊರುಗೋಲು ಉಳಿಯಿತು.

ಹೆಂಡತಿಯ ತಮ್ಮ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು. ಕಾರು ಬಿಟ್ಟು ಉಳಿದ ಎಲ್ಲ ವಾಹನಗಳೂ ಅವನ ಲೆಕ್ಕದಲ್ಲಿ ಕೀಳು. ಊಟಕ್ಕೆ ಕೂತವನು, "ಭಾವ, ಅದಕ್ಕೇ ಹೇಳೋದು. ನಾಲ್ಕು ಚಕ್ರದಲ್ಲಿ ಒಂದು ಪಂಕ್ಚರ್ ಆದ್ರೆ ಗಾಡೀನೇ ಗ್ಯಾರೇಜಿಗೆ. ನಿಮ್ಮ ಟೈರೇ ಸರಿ ಇರ್ಲಿಲ್ಲ ಅಂದ್ರೆ ಒಪ್ಕೊಂಡು ಸುಮ್ಮನಾಗಿ" ಎಂದ.

"ಅದು ಟೈರಲ್ಲ ಕಣೋ, ಕಾಲು. ಪ್ರಾಣ ಇರೋ ಕಾಲು."

"ಪ್ರಾಣ ಇದ್ದಿದ್ರೆ ಗೆಲ್ತಿತ್ತು ಬಿಡಿ ಭಾವ."

ಧಣಿ ತಟ್ಟೆ ತಳ್ಳಿ ಎದ್ದ. ಹೆಂಡತಿ ತಟ್ಟೆಯನ್ನು ಮತ್ತೆ ಅವನ ಮುಂದೆ ತಂದಿಟ್ಟು, "ಸಿಟ್ಟು ಕಾಲಿಗೆ ಬಂದಿದೆ, ಹೊಟ್ಟೆಗಲ್ಲ. ಹೊಟ್ಟೆ ಬೇಕರಿಯವರದಲ್ವಾ, ನೀವು ಉಪವಾಸ ಯಾಕೆ ಇರ್ತೀರಿ? ಉಣ್ಣಿ" ಎಂದಳು.

ಎದುರುಮನೆಯ ವಕೀಲರ ಬಳಿಗೂ ಹೋದ. ಮಾನನಷ್ಟ ಮೊಕದ್ದಮೆ ಹೂಡಬಹುದೇ ಎಂದು ಕೇಳಿದ.

"ಮಾನ ಹೋಗಿದ್ದು ಯಾರದು?"

"ಕಾಲಿಂದು."

"ಹಾಗಾದ್ರೆ ಕಾಲೇ ಬಂದು ಹೇಳಿಕೆ ಕೊಡಬೇಕು. ಉಳಿದ ಮೂರು ಕಾಲು ಸಾಕ್ಷಿ ಹೇಳ್ತಾವಾ, ಮೊದಲು ಅದನ್ನ ವಿಚಾರಿಸಿ" ಎಂದರು ವಕೀಲರು, ಮುಖದ ಒಂದು ಗೆರೆಯೂ ಅಲುಗದಂತೆ.

ಆ ವಾರ ಅಂಗಡಿಯಲ್ಲಿ ನಡೆದದ್ದನ್ನು ಏನೆಂದು ಹೇಳುವುದು. ಒಬ್ಬ ಗಿರಾಕಿ, "ಬಲಗಾಲಿಗೆ ಸರಿಯಾಗಿದೆ, ಎಡಗಾಲಿಗೆ ಹಿಡಿಯುತ್ತೆ" ಎಂದ. ಧಣಿ ಸ್ಟೂಲಿನಿಂದ ಎದ್ದೇಬಿಟ್ಟ. "ಏನೇ ಆದ್ರೂ ಎಡಗಾಲೇ ಕಾರಣ, ಅಲ್ವಾ? ಬಲಗಾಲು ದೊಡ್ಡ ಮನುಷ್ಯ. ಒಂದ್ಸಲವಾದ್ರೂ ಬಲಗಾಲನ್ನ ಕೇಳಿದ್ದೀರಾ, ನೀನು ಯಾಕಪ್ಪಾ ಇಷ್ಟು ಸಡಿಲ ಅಂತ?" ಗಿರಾಕಿ ಬರಿಗಾಲಲ್ಲೇ ಹೊರಟುಹೋದ. ಮರುದಿನ ವಕೀಲರು ಕೊಂಡ ಬೂಟಿನ ಡಬ್ಬಿಯಲ್ಲಿ ಎರಡೂ ಎಡಗಾಲಿನವೇ ಇದ್ದವು. ಆತುರದಲ್ಲಿ ಅವನ್ನೇ ಮೆಟ್ಟಿಕೊಂಡು ಕೋರ್ಟಿಗೆ ಹೋದ ವಕೀಲರು ನ್ಯಾಯಾಧೀಶರ ಕಡೆಗೆ ನಡೆಯಹೊರಟು ಕಟಕಟೆಯ ಕಡೆಗೆ ತಿರುಗಿಕೊಂಡರಂತೆ. ಅಂಗಡಿಯ ಯಜಮಾನರು ಧಣಿಯನ್ನು ಕರೆದು, "ಇದು ಬೂಟಿನ ಅಂಗಡಿ ಕಣಯ್ಯ, ಎಡಗಾಲಿನ ಸಂಘ ಅಲ್ಲ" ಎಂದು ಉಗಿದರು.

ಬೀಳ್ಕೊಡುವ ದಿನ ಬಂತು. ಧಣಿ ಕೋಟು ತೊಟ್ಟು, ಜೇಬಿನಲ್ಲಿ ಹಳೆಯ ಚೀಟಿ ಇಟ್ಟುಕೊಂಡು, ಕೈಯಲ್ಲಿ ಅಜ್ಜಿಯ ಊರುಗೋಲನ್ನು ರಾಜದಂಡದಂತೆ ಹಿಡಿದು ಹೊರಟ. ಹೆಂಡತಿಯೂ ಚಪ್ಪಲಿ ಮೆಟ್ಟಿದಳು.

"ನೀನೆಲ್ಲಿಗೆ?"

"ನಾನೂ ಬರ್ತೀನಿ. ಇಷ್ಟು ವರ್ಷ ಒಂದು ಕಾಲಿನ ಜೊತೆ ಸಂಸಾರ ಮಾಡಿದ್ದೀನಿ. ಮುಖ ಹೇಗಿದೆ ಅಂತ ಒಂದ್ಸಲ ನೋಡ್ತೀನಿ."

ಮಜಾ ನೋಡಲೆಂದು ಭಾವಮೈದನೂ ಕಾರು ತಂದ.

ಲಾಯದ ಅಂಗಳದಲ್ಲಿ ಫಾರ್ಮಿನ ಲಾರಿ ಹಿಂಬಾಗಿಲು ಬಿಚ್ಚಿ ಹಲಗೆ ಇಳಿಸಿಕೊಂಡು ನಿಂತಿತ್ತು. ಬೇಕರಿಯವನು ಬನ್ನಿನ ತಟ್ಟೆಗಳನ್ನು ಮೇಜಿನ ಮೇಲೆ ಜೋಡಿಸಿದ್ದ. ರೇಸ್ ಕ್ಲಬ್ಬಿನ ಅಧಿಕಾರಿ, ಇನ್ನೂ ಮೂರು ಕಡೆ ಹೋಗಬೇಕಾದವರ ಮುಖ ಹೊತ್ತು ಗಡಿಯಾರ ನೋಡುತ್ತಿದ್ದರು. ಮಿಂಚುಳ್ಳಿಯನ್ನು ಹೊರಗೆ ತಂದರು. ಬಿಳಿಪಟ್ಟಿಯ ಕಾಲು ಬಿಸಿಲಿಗೆ ಹೊಳೆಯಿತು.

ಎಲ್ಲರೂ ಬಾಲ ಹೊಟ್ಟೆ ಕಿವಿ ಎಂದು ತಮ್ಮ ತಮ್ಮ ಭಾಗಕ್ಕೆ ಓಡಿದರು. ಧಣಿಯ ಹೆಂಡತಿಗೆ ಯಾವ ಭಾಗವೂ ಇರಲಿಲ್ಲವಾದ್ದರಿಂದ ಅವಳು ಸೀದಾ ಮುಖದ ಮುಂದೆ ಹೋಗಿ ನಿಂತಳು. ಮಿಂಚುಳ್ಳಿ ಅವಳ ಹೆಗಲಿನ ಮೇಲೆ ಗದ್ದ ಇಟ್ಟು ಒಂದು ದೊಡ್ಡ ಉಸಿರು ಬಿಟ್ಟಳು.

"ಇವಳಿಗೆ ನಿದ್ದೆ ಸಾಲ್ದು ರೀ" ಎಂದಳು ಹೆಂಡತಿ. "ಕಣ್ಣು ನೋಡಿ. ಸಾಕಾಗಿಹೋಗಿದೆ ಇವಳಿಗೆ."

"ಕಣ್ಣು ನಮ್ಮದಲ್ಲ, ಮೇಡಂದು. ನೀನು ಈ ಕಡೆ ಬಂದು ಕಾಲು ನೋಡು" ಎಂದ ಧಣಿ.

ಆಮೇಲೆ ಊರುಗೋಲನ್ನು ನೆಲಕ್ಕೆ ಕುಟ್ಟಿ ಅವನು ಮಾಡಿದ ಭಾಷಣವನ್ನು ಲಾಯದವರು ಈಗಲೂ ನೆನೆಯುತ್ತಾರೆ. ಮಳೆಯಲ್ಲಿ ಜಾರದ ಕಾಲು, ಮರಳಲ್ಲಿ ಹೂತುಹೋಗದ ಕಾಲು, ಮೂರು ಮೈಗಳ್ಳ ಕಾಲುಗಳನ್ನು ತಾನೊಂದೇ ಹೊತ್ತು ತಿರುಗಿದ ಕಾಲು ಎಂದು ಅವನು ಹಾಡಿ ಹೊಗಳಿದ. "ಇಂಥ ಕಾಲಿಗೆ ರೋಗ ಅಂತಾರಲ್ಲ, ಇವರ ನಾಲಿಗೆಗೆ ಗೊರಸು ಮೂಡಲಿ. ಪರೀಕ್ಷೆ ಮಾಡಿ ಡಾಕ್ಟ್ರೇ."

ಕುದುರೆ ಡಾಕ್ಟರು ನಿಟ್ಟುಸಿರಿಟ್ಟರು. "ಇಡೀ ಕುದುರೆ ಒಂದೇ ಪ್ರಾಣಿ ಅಂತ ನಮಗೆ ಕಲಿಸಿದ್ರು. ಇಲ್ಲಿ ನೋಡಿದ್ರೆ ಇಪ್ಪತ್ತು ಇವೆ." ಬಗ್ಗಿ ಕಾಲೆತ್ತಿ ಒತ್ತಿದರು, ಮಡಿಸಿದರು, ತಿರುಗಿಸಿದರು. ಮಿಂಚುಳ್ಳಿ ಕಿವಿ ಅಲುಗಿಸಲಿಲ್ಲ. "ಊತ ಇಳಿದಿದೆ. ಇವತ್ತಂತೂ ನನಗೇನೂ ಕಾಣಿಸ್ತಿಲ್ಲ."

"ಕೇಳಿಸ್ತಾ?" ಎಂದ ಧಣಿ ಅಂಗಳಕ್ಕೆಲ್ಲ.

"ಒತ್ತಿದ್ರೆ ಸುಮ್ಮನಿದೆ ಅಂದ್ರೆ ಸ್ಪರ್ಶವೇ ಹೋಗಿದೆ ಅಂತ ಅರ್ಥ" ಎಂದು ಹಲ್ಲಿನ ಡಾಕ್ಟರು ವೃತ್ತಿಯ ಗತ್ತಿನಲ್ಲಿ ಹೇಳಿ, ತಮ್ಮ ಭಾಗವಾದ ಬಾಲವನ್ನು ಪಕ್ಕಕ್ಕೆ ಸರಿಸಿ ಇಣುಕಿದರು.

ಬಾಲ ಅವರದೇ ಇರಬಹುದು, ಆದರೆ ಎಳೆದರೆ ನೋಯುವುದು ಕುದುರೆಗೆ. ಮಿಂಚುಳ್ಳಿ ಒದ್ದಳು. ಹಿಂದಿನ ಎಡಗಾಲು, ಬಿಳಿಪಟ್ಟಿ, ಒಂದೇ ಗೆರೆ ಎಳೆದಂತೆ. ಡಾಕ್ಟರ ಪುಣ್ಯ, ಅದು ತಗುಲಿದ್ದು ನೀರಿನ ಬಕೆಟ್ಟಿಗೆ. ಬಕೆಟ್ಟು ಅಧಿಕಾರಿಯ ತಲೆಯ ಮೇಲಿನಿಂದ ಹಾರಿ, ಬನ್ನಿನ ಮೇಜಿನ ಮೇಲೆ ಇಳಿಯಿತು. ಬನ್ನುಗಳು ದಿಕ್ಕು ದಿಕ್ಕಿಗೆ ಹೋದವು. ಒಂದು ಉರುಳುತ್ತಾ ಬಂದು ಧಣಿಯ ಬೂಟಿನ ಮುಂದೆ ನಿಂತಿತು.

ಧಣಿ ಅದನ್ನು ನೋಡಿದ. ಕೋಟಿನ ಗುಂಡಿ ಹಾಕಿಕೊಂಡ.

"ಒಪ್ಕೊಂಡೆ" ಎಂದರು ಹಲ್ಲಿನ ಡಾಕ್ಟರು, ಕೆಸರಿನಿಂದ ಎದ್ದು ಕನ್ನಡಕ ಹುಡುಕುತ್ತಾ. "ಧಣಿಗಳೇ, ಕ್ಷಮಿಸಿ. ಇಂಥ ಕಾಲನ್ನ ನಾನು ನೋಡೇ ಇರ್ಲಿಲ್ಲ."

"ನನ್ನದೂ ತಪ್ಪಾಯ್ತು" ಎಂದ ಬೇಕರಿಯವನು ಬನ್ನು ಆಯುತ್ತಾ. ಆಮೇಲೆ ಅವನ ಕೈ ನಿಂತಿತು. "ಅಲ್ಲಾ, ಕಾಲು ಇಷ್ಟು ಗಟ್ಟಿ ಇದ್ರೆ ಕುದುರೇನ ಯಾಕೆ ಕಳಿಸಬೇಕು?"

ಇಪ್ಪತ್ತು ಜನರ ಗುಂಪಿನಲ್ಲಿ ಒಂದು ಆಲೋಚನೆ ಹುಟ್ಟುವುದು ಅಪರೂಪ. ಹುಟ್ಟಿದರೆ ಎಲ್ಲರಿಗೂ ಒಟ್ಟಿಗೇ ಹುಟ್ಟುತ್ತದೆ. "ಹೌದಲ್ಲ", "ಇನ್ನೊಂದು ಸೀಸನ್ ಓಡಲಿ", "ಎರಡು ಓಡಲಿ", "ಮರಿ ಎಲ್ಲಿ ಹೋಗುತ್ತೆ, ಆಮೇಲೆ ಹಾಕಲಿ". ಅಧಿಕಾರಿ ತಲೆ ಒರೆಸಿಕೊಳ್ಳುತ್ತಾ, "ಒಂದೇ ಮಾತಲ್ಲಿ ಹೇಳಿ. ಓಡ್ತಾಳಾ, ಇಲ್ವಾ? ಓಡೋದಾದ್ರೆ ಲಾರಿ ವಾಪಸ್ ಕಳಿಸಿ" ಎಂದರು.

"ಓಡ್ತಾಳೆ" ಎಂದರು ಎಲ್ಲರೂ. "ಧಣಿಗಳಿಗೆ ಜಯವಾಗಲಿ." ಭಾವಮೈದ ಕೂಡ, "ಟೈರ್ ಗಟ್ಟಿ ಇದೆ ಭಾವ" ಎಂದು ಬೆನ್ನು ತಟ್ಟಿದ. ಬದುಕಿನಲ್ಲಿ ಮೊದಲ ಬಾರಿಗೆ ಇಷ್ಟೊಂದು ಜನ ಧಣಿಯ ಮುಖ ನೋಡುತ್ತಿದ್ದರು.

ಲಾಯದವನು ಮಿಂಚುಳ್ಳಿಯ ಲಗಾಮು ಹಿಡಿದು ತಿರುಗಿಸಿದ. ಅವಳು ಆಗಲೇ ಒಂದು ಮುಂಗಾಲನ್ನು ಲಾರಿಯ ಹಲಗೆಯ ಮೇಲೆ ಇಟ್ಟಿದ್ದಳು. ಅದನ್ನು ಇಳಿಸಿಕೊಂಡು, ಯಾರನ್ನೂ ಏನೂ ಕೇಳದೆ, ತಲೆ ತಗ್ಗಿಸಿ ಹಳೆಯ ಲಾಯದ ಕಡೆಗೆ ಹೆಜ್ಜೆ ಹಾಕಿದಳು.

"ಕಾಲು ಗೆಲ್ತು ರೀ" ಎಂದಳು ಹೆಂಡತಿ, ಅವನಿಗೊಬ್ಬನಿಗೇ ಕೇಳುವಂತೆ. "ಈಗಲಾದ್ರೂ ಒಂದ್ಸಲ ಕಣ್ಣು ನೋಡಿ."

ಕಣ್ಣು ಹೆಡ್ ಮೇಡಂ ಅವರದು. ಅಪ್ಪಣೆ ಕೇಳದೆ ನೋಡಿದ. ಎಷ್ಟು ಹೊತ್ತು ನೋಡಿದ ಎಂದು ಹೇಳುವುದು ಕಷ್ಟ. ಕುದುರೆಯೇ ರೆಪ್ಪೆ ಬಡಿಯಿತು.

ಧಣಿ ಊರುಗೋಲು ಎತ್ತಿದ. "ನಿಲ್ಲಿಸಿ. ಆ ಕಾಲು ಸರಿ ಇಲ್ಲ."

ಲಾಯದವನು ಲಗಾಮು ಎಳೆದು ನಿಂತ.

"ಯಾವ ಕಾಲು?" ಎಂದರು ಹಲ್ಲಿನ ಡಾಕ್ಟರು.

"ನನ್ನದೇ. ಅದೂ ಒಂದು ಕಾಲಾ? ಅದನ್ನ ನಂಬಿ ಓಡಿಸ್ತೀರಾ? ಬುದ್ಧಿ ಇದೆಯಾ ನಿಮಗೆ?" ಹಿಂದಿನ ಭಾಷಣದಲ್ಲಿ ಇದ್ದ ಸಿಟ್ಟೇ ಈಗಲೂ ಇತ್ತು. ದಿಕ್ಕು ಮಾತ್ರ ತಿರುಗಿತ್ತು.

"ಈಗ ತಾನೆ ಬಕೆಟ್ ಒದೀತಲ್ಲ" ಎಂದ ಬೇಕರಿಯವನು.

"ಒದೆಯೋದು ಬೇರೆ, ಓಡೋದು ಬೇರೆ. ನಮ್ಮ ಯಜಮಾನರು ದಿನಾ ಒದೀತಾರೆ. ಎದ್ದು ಓಡೋಕೆ ಹೇಳಿ ನೋಡೋಣ."

"ಮಳೇಲಿ ಜಾರದ ಕಾಲು ಅಂದ್ರಿ?"

"ಅದು ಮಾಲೀಕ ಹೇಳಿದ್ದು. ಯಾವ ಮಾಲೀಕ ತನ್ನ ಮಾಲು ಕೆಟ್ಟಿದೆ ಅಂತಾನೆ? ನೀವು ಹಳಸಿದ ಬನ್ನನ್ನ ಹಳಸಿದೆ ಅಂತ ಹೇಳಿ ಮಾರ್ತೀರಾ?" ಬೇಕರಿಯವನು ಕೈಯಲ್ಲಿದ್ದ ಬನ್ನನ್ನು ಬೆನ್ನ ಹಿಂದೆ ಸರಿಸಿದ. "ಮೈದಾನದಲ್ಲಿ ಅವಳು ಹೇಗೆ ಓಡ್ತಾಳೆ ಅಂತ ನಿಮಗೆ ಗೊತ್ತಾ? ಇಲ್ನೋಡಿ." ಧಣಿ ಕೋಟು ಕಳಚಿ ಹೆಂಡತಿಯ ಕೈಗಿತ್ತು, ಊರುಗೋಲು ಊರಿ, ಎಡಗಾಲನ್ನು ಎಳೆಯುತ್ತಾ ಅಂಗಳದ ಸುತ್ತ ಕುಂಟತೊಡಗಿದ. ಬನ್ನುಗಳ ಮೇಲೆ ಕಾಲಿಟ್ಟ, ಬಕೆಟ್ಟಿಗೆ ಎಡವಿದ, ಕೆಸರಲ್ಲಿ ಬಿದ್ದ, ಎದ್ದ, ಮತ್ತೆ ಕುಂಟಿದ. ಮಿಂಚುಳ್ಳಿ ಕತ್ತು ತಿರುಗಿಸಿ ನೋಡಿದಳು. ನೆರೆದ ಜನ ಮೊದಲು ಬೆರಗಾದರು, ಆಮೇಲೆ ನಕ್ಕರು. ಭಾವಮೈದ ಕಾರಿನ ಬಾನೆಟ್ಟಿನ ಮೇಲೆ ಬಿದ್ದು ನಕ್ಕ.

ನಗದೆ ಇದ್ದವರು ಹೆಂಡತಿ ಮತ್ತು ಹೆಡ್ ಮೇಡಂ. ಚೀಟಿ ಬರೆದ ಕೈ ಅದು. ಫೋಟೋಗೆ ನಿಲ್ಲುವ ಜಾಗ ಎಂದು ಒಂದು ಮಾತು ಹೇಳಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಮೇಡಂ ಧಣಿಯನ್ನು ನೋಡಿದರು, ಮಿಂಚುಳ್ಳಿಯನ್ನು ನೋಡಿದರು, ಕನ್ನಡಕ ಸರಿಪಡಿಸಿಕೊಂಡರು.

"ಎಲ್ಲರೂ ಸುಮ್ಮನಿರಿ" ಎಂದರು. "ಕಾಲು ಯಾರದು?"

"ನಂದು ಮೇಡಂ" ಎಂದ ಧಣಿ ಏದುಸಿರು ಬಿಡುತ್ತಾ.

"ಅದು ಕೆಟ್ಟಿದೆ ಅಂತ ಒಪ್ಕೊಳ್ತೀರಾ?"

ಧಣಿ ಬಿಳಿಪಟ್ಟಿಯ ಕಡೆಗೆ ಬೆನ್ನು ತಿರುಗಿಸಿದ. "ಒಪ್ಕೊಳ್ತೀನಿ."

"ಕೊನೇ ಬೆಂಚಿಗೂ ಕೇಳಿಸಬೇಕು."

"ನನ್ನ ಕಾಲಿಂದಲೇ ಅವಳು ಸೋತಿದ್ದು. ಮಿಕ್ಕ ಮೂರು ಕಾಲು ಒಳ್ಳೇವು. ಹೊಟ್ಟೆ ಒಳ್ಳೇದು. ಬಾಲವೂ ಒಳ್ಳೇದೇ." ಕೊನೆಯದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಾಡಿತು.

"ಆಯ್ತಲ್ಲ" ಎಂದರು ಮೇಡಂ ಅಧಿಕಾರಿಯ ಕಡೆ ತಿರುಗಿ. "ಹೊಟ್ಟೆ ವಿಷಯಕ್ಕೆ ಹೊಟ್ಟೆಯವರು, ಬಾಲದ ವಿಷಯಕ್ಕೆ ಬಾಲದವರು. ಕಾಲಿನ ವಿಷಯದಲ್ಲಿ ಕಾಲಿನವರ ಮಾತೇ ಕೊನೆ. ಇದು ಮೊದಲಿಂದ ನಡೆದು ಬಂದ ಪದ್ಧತಿ. ಅವಳು ಓಡಲ್ಲ. ಬರ್ಕೊಳ್ಳಿ."

ಅಧಿಕಾರಿಗೆ ಇನ್ನೂ ಮೂರು ಕಡೆ ಹೋಗಬೇಕಿತ್ತು. ಬರೆದುಕೊಂಡರು.

ಮಿಂಚುಳ್ಳಿ ಹಲಗೆ ಹತ್ತಿದಳು. ಮುಖ ಹೋಯಿತು, ಹೊಟ್ಟೆ ಹೋಯಿತು. ಕೊನೆಗೆ ಹಲಗೆಯಿಂದ ಮೇಲೆದ್ದದ್ದು ಬಿಳಿಪಟ್ಟಿಯ ಕಾಲು. ಎಷ್ಟು ಹಗುರಾಗಿ ಎದ್ದಿತೆಂದರೆ ಧಣಿ ಗಾಬರಿಯಾಗಿ, ಯಾರಾದರೂ ನೋಡಿಯಾರೆಂದು ಅಡ್ಡ ನಿಂತ.

ಅಂದಿನಿಂದ ಬೀದಿ ಅವನ ಬಿರುದನ್ನು ತಿದ್ದಿತು. ಕುಂಟುಧಣಿ. ವಕೀಲರು, "ಕೇಸ್ ಹಿಂದಕ್ಕೆ ತಗೊಂಡ್ರಾ?" ಎಂದು ದಿನಾ ಕೇಳಿದರು. ಭಾವಮೈದ ಕಾರು ಕಲಿಯುವ ಹೊಸಬರಿಗೆಲ್ಲ ಬನ್ನಿನ ಮೇಲೆ ಕುಂಟಿದ ಕಥೆ ಹೇಳಿ ಬ್ರೇಕ್ ಒತ್ತುವುದನ್ನು ಕಲಿಸಿದ. ಧಣಿ ಸಿಟ್ಟಿನಿಂದ, ಅಂದು ಲಾಯದಲ್ಲಿ ತೆಗೆಸಿ ಮನೆಯಲ್ಲಿ ತೂಗುಹಾಕಿದ್ದ ಫೋಟೋವನ್ನು ಗೋಡೆಯ ಕಡೆ ತಿರುಗಿಸಿಟ್ಟ. ಹೆಂಡತಿ ಧೂಳು ಒರೆಸುವ ನೆಪದಲ್ಲಿ ದಿನವೂ ಈಚೆಗೆ ತಿರುಗಿಸಿದಳು. ಮೊದಲು ಅದನ್ನು ಅಡುಗೆಮನೆಯಿಂದ ಆಚೆ ಹಾಕಿಸಿದ್ದವಳೂ ಅವಳೇ.

ಮುಂದಿನ ವರ್ಷ ಫಾರ್ಮಿನಿಂದ ಫೋನ್ ಬಂತು. ಮಿಂಚುಳ್ಳಿ ಮರಿ ಹಾಕಿದ್ದಳು. ಹೆಣ್ಣು. ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಮತ್ತೆ ಟೋಪಿ ಬಂತು, ಮತ್ತೆ ಚೀಟಿ. ಈ ಸಲ ಎಲ್ಲರೂ ನಿಜವಾಗಿಯೂ ಎತ್ತಿದರು, ನಿಜವಾಗಿಯೂ ಜೇಬಿನಲ್ಲಿಟ್ಟುಕೊಂಡರು. ಬೇಕರಿಯವನ ಚೀಟಿಯಲ್ಲಿ ಹಿಂದಿನ ಎಡಗಾಲು ಬಂತು. ಅವನು ಬಿಸಿ ತಟ್ಟೆ ಮುಟ್ಟಿದವನಂತೆ ಅದನ್ನು ಮೇಜಿಗೆ ಎಸೆದ.

"ನನಗೆ ಬೇಡ. ತಾಯಿ ಕಾಲೇ ಹಾಗಿತ್ತು. ಇದು ವಂಶದಲ್ಲೇ ಬರುತ್ತೆ."

ಪಕ್ಕದವನೂ ಬೇಡವೆಂದ. ಅವನ ಪಕ್ಕದವನೂ ಬೇಡವೆಂದ. ಧಣಿ ತನಗೆ ಬಂದಿದ್ದ ಕಿವಿಯನ್ನು ಕೆಳಗಿಟ್ಟು ಎದ್ದ.

"ಹುಟ್ಟಿದ ಮಗುವಿಗೆ ಹೆಸರಿಡೋ ಮುಂಚೆ ಕಳಂಕ ಇಡ್ತೀರಲ್ರೀ. ನಾಚಿಕೆ ಆಗಲ್ವಾ ನಿಮಗೆ? ಕೊಡಿ ಇಲ್ಲಿ ಆ ಕಾಲು."

ರಜಾ ದಿನ ಗಂಡಹೆಂಡಿರು ಫಾರ್ಮಿಗೆ ಹೋದರು. ಮಿಂಚುಳ್ಳಿ ಹಸಿರಿನಲ್ಲಿ ಹೊಟ್ಟೆ ಬಿಟ್ಟುಕೊಂಡು, ಕಣ್ಣು ಅರೆಮುಚ್ಚಿ 'ಯಾರೋ ಪರಿಚಯದವರಂತಿದೆ' ಎಂಬಂತೆ ನಿಂತಿದ್ದಳು. ಪಕ್ಕದಲ್ಲಿ ಮರಿ, ಕಡ್ಡಿಯಂಥ ನಾಲ್ಕು ಕಾಲು, ಅದರಲ್ಲಿ ಒಂದಕ್ಕೆ ಬಿಳಿಪಟ್ಟಿ. ಧಣಿ ಬಗ್ಗಿ, ಕೈಮುಗಿದು, ಆ ಕಾಲನ್ನು ಹತ್ತಿರದಿಂದ ನೋಡಹೋದ. ಮರಿ ಸರಕ್ಕನೆ ಬೆನ್ನು ತಿರುಗಿಸಿ ಒದ್ದಿತು. ಧಣಿ ಹುಲ್ಲಿನ ಮೇಲೆ ಅಂಗಾತ ಬಿದ್ದ.

ಬಿದ್ದಲ್ಲಿಂದಲೇ, ಮುಖ ಅರಳಿಸಿ ಕೇಳಿದ. "ನೋಡಿದೆಯಾ? ಹುಟ್ಟಿ ಇನ್ನೂ ತಿಂಗಳಾಗಿಲ್ಲ. ಇದು ಕೆಟ್ಟ ಕಾಲಂತೆ. ಬರಹೇಳು ಆ ಬೇಕರಿಯವನನ್ನ."

"ಒದ್ದಿದ್ದು ಬಲಗಾಲು ರೀ" ಎಂದಳು ಹೆಂಡತಿ.

ಧಣಿ ಎದ್ದು ಕೂತ. ಮೈಗಂಟಿದ ಹುಲ್ಲನ್ನೂ ಕೊಡವಲಿಲ್ಲ. ಮಾತೇ ಹೊರಡದಷ್ಟು ಸಿಟ್ಟು ಬಂದಿತ್ತು, ಆದರೂ ಹೊರಡಿಸಿದ.

"ಬಲಗಾಲು ಒದೆಯೋದು ಎಲ್ಲರಿಗೂ ಕಾಣುತ್ತೆ. ಅದು ಒದೆಯೋವಾಗ ಅಲ್ಲಾಡದೆ ನಿಂತು ಭಾರ ಹೊತ್ತಿದ್ದು ಯಾರು ಅಂತ ಒಬ್ಬರಾದ್ರೂ ಕೇಳ್ತಾರಾ?"

ಹೆಂಡತಿ ಅವನ ಕೈ ಹಿಡಿದು ಮೇಲೆತ್ತಿದಳು. ಅವನ ಭಾರಕ್ಕೆ ಬಿದ್ದುಬಿಡದಂತೆ ಎಡಗಾಲನ್ನು ಊರಿ ನಿಂತಿದ್ದಳು. ಅದನ್ನು ಅವನು ನೋಡಲಿಲ್ಲ.